ಪಿಓ ತಾನೇ ಹೋಗ್ತಿತ್ತು, ಲೈನ್ ಮಾತ್ರ ನಿಂತೋಯ್ತು

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪ್ ಮಾಡೋ ಒಂದು ಸಣ್ಣ ಫ್ಯಾಕ್ಟರಿ ನಮ್ದು, ನಾನು ಪರ್ಚೇಸ್ ನೋಡ್ಕೊಳ್ಳೋದು. ಮೊದ್ಲೆಲ್ಲಾ ಸ್ಟೋರ್ಸ್‌ನವ್ರು ಚೀಟಿ ಕಳ್ಸೋರು, ಮೂರು ಕೊಟೇಶನ್ ತರ್ಸಿ ಎಕ್ಸೆಲ್‌ನಲ್ಲಿ ಹಾಕಿ ಸೈನ್ ಮಾಡಿಸ್ಕೊಂಡು ಪಿಓ, ಅಂದ್ರೆ ಪರ್ಚೇಸ್ ಆರ್ಡರ್, ಕಳ್ಸೋ ಹೊತ್ತಿಗೆ ಎರಡು ದಿನ ಆಗೋದು. 2021ರಲ್ಲಿ ಸಾಫ್ಟ್‌ವೇರ್ ಬಂತು. ಸ್ಟಾಕ್ ರೀಆರ್ಡರ್ ಲೆವೆಲ್‌ಗೆ ಇಳಿದ ತಕ್ಷಣ ಯಾರ ರೇಟ್ ಕಮ್ಮಿ ಇದ್ಯೋ ಅವ್ರಿಗೆ ಪಿಓ ಮೇಲ್ ಆಗ್ಬಿಡುತ್ತೆ, ನಾವು ಮುಟ್ಟೋ ಹಾಗೇ ಇಲ್ಲ. ನಿಜವಾಗ್ಲೂ ಖುಷಿಯಾಗಿತ್ತು.

2022ರ ಆಗಸ್ಟ್ ಕೊನೇಲಿ ಆ ಮಳೆ ಬಂತಲ್ಲ, ರಾಮನಗರದ ಹತ್ರ ಹೈವೇ ಮೇಲೆಲ್ಲಾ ನೀರು ನಿಂತು ಗಾಡಿಗಳು ಮುಳುಗಿದ್ವು, ಆಗ ಪೀಣ್ಯದಿಂದ ಬರ್ಬೇಕಿದ್ದ ನಮ್ಮ ರಬ್ಬರ್ ಸೀಲ್ ಎರಡು ದಿನ ಲೇಟಾಯ್ತು. ಬರೀ ಎರಡು ದಿನ. ಅಷ್ಟಕ್ಕೇ ಅಸೆಂಬ್ಲಿ ಲೈನ್ ನಿಂತೋಯ್ತು. ಸ್ಕ್ರೀನ್ ನೋಡಿದ್ರೆ ಪಿಓ ಟೈಮಿಗೆ ಹೋಗಿದೆ, ಎಲ್ಲಾ ಹಸಿರು.

ಕೂತು ಲೆಕ್ಕ ತೆಗೆದೆ. ದಿನಕ್ಕೆ 40 ಸೀಲ್ ಬೇಕು, ಸಿಸ್ಟಮ್‌ನಲ್ಲಿ ಲೀಡ್ ಟೈಮ್ (ಆರ್ಡರ್ ಹೋದ್ಮೇಲೆ ಮಾಲು ಬರೋಕೆ ಹಿಡಿಯೋ ಟೈಮ್) 3 ದಿನ ಅಂತ ಇದೆ, ಅದಕ್ಕೆ 120, ಮೇಲೆ ಆಪತ್ತಿಗೆ ಅಂತ ಸೇಫ್ಟಿ ಸ್ಟಾಕ್ 80, ಒಟ್ಟು 200ಕ್ಕೆ ಇಳಿದ್ರೆ ಆರ್ಡರ್. ಆ 3 ದಿನ ಅನ್ನೋದು ಸಾಫ್ಟ್‌ವೇರ್ ಬಂದ ದಿನ ನಾನೇ ತುಂಬಿದ್ದು, ಆಮೇಲೆ ಯಾರೂ ನೋಡಿಲ್ಲ. ಹಳೇ ಜಿಆರ್‌ಎನ್ (ಮಾಲು ಬಂದಾಗ ಬರೆಯೋ ರಸೀದಿ) ಡೇಟ್ ತೆಗೆದ್ರೆ ಆರು ತಿಂಗಳಿಂದ ಮಾಲು ಬರೋಕೆ 5 ದಿನ ಆಗ್ತಿದೆ! 200 ಅಂದ್ರೆ ಸರಿಯಾಗಿ 5 ದಿನದ್ದು. ಆಪತ್ತಿಗೆ ಅಂತ ಇಟ್ಟಿದ್ದು ಪ್ರತಿ ಸಲವೂ ಮಾಮೂಲಿ ಖರ್ಚಿಗೇ ಹೋಗ್ತಿತ್ತು, ನಮಗೆ ಗೊತ್ತೇ ಆಗಿಲ್ಲ.

ಮೇಟಗಳ್ಳಿಯಲ್ಲಿ ನಮ್ಮ ಹಳೇ ವೆಂಡರ್ ಒಬ್ರಿದ್ರು, ಪೀಸಿಗೆ ಎರಡು ರೂಪಾಯಿ ಜಾಸ್ತಿ ಅಂತ ಸಿಸ್ಟಮ್ ಅವ್ರನ್ನ ಆರಿಸ್ತಾನೇ ಇರ್ಲಿಲ್ಲ. ಸ್ಕೂಟರ್ ಹತ್ತಿ ಅವ್ರ ಹತ್ರ ಓಡ್ದೆ. "ನಿಮ್ ಪಿಓ ಬಂದು ಒಂದು ವರ್ಷ ಆಯ್ತು ಸಾರ್, ಸೀಲ್ ಒತ್ತೋ ಡೈನ ಅಟ್ಟಕ್ಕೆ ಎತ್ತಿಟ್ಬಿಟ್ಟಿದೀನಿ" ಅಂದ್ರು. ಅಟ್ಟದಿಂದ ಇಳಿಸಿದ್ರೆ ತುಕ್ಕು ಹಿಡಿದಿದೆ, ಎಮರಿ ಪೇಪರ್ ಹಾಕಿ ಉಜ್ಜಿ, ರಾತ್ರಿಯೆಲ್ಲಾ ಪ್ರೆಸ್ ಓಡ್ಸಿ ಬೆಳಿಗ್ಗೆ 160 ಪೀಸ್ ಕೊಟ್ರು. ಅವ್ರಿಗೆ ಫೋನ್ ಮಾಡೋದು ಬಿಟ್ಟಿದ್ದು ನಾನು, ಸಾಫ್ಟ್‌ವೇರ್ ಅಲ್ಲ, ಇದು ನನಗೆ ಇವತ್ತಿಗೂ ನೋವು.

ಆಟೋಮೇಶನ್ ತೆಗೆದುಹಾಕಿಲ್ಲ, ತೆಗೀಲೂಬಾರ್ದು. ಲೀಡ್ ಟೈಮ್ ಈಗ ಹಿಂದಿನ ಹತ್ತು ಜಿಆರ್‌ಎನ್ ನೋಡಿ ತಾನೇ ಬದಲಾಗುತ್ತೆ. ಮುಖ್ಯವಾದ ಐಟಂಗಳ ಆರ್ಡರ್ 70:30 ಇಬ್ಬರಿಗೆ ಹೋಗುತ್ತೆ, ಆ ಎರಡು ರೂಪಾಯಿ ಹೆಚ್ಚಿಗೆ ಯಾಕೆ ಅಂತ ಅಕೌಂಟ್ಸ್‌ನವ್ರು ಕೇಳಿದಾಗ ಲೈನ್ ನಿಂತ ದಿನದ ನಷ್ಟದ ಶೀಟ್ ತೋರಿಸ್ದೆ, ಮತ್ತೆ ಕೇಳಿಲ್ಲ. ಪಿಓ ಟೈಪ್ ಮಾಡೋ ಟೈಮ್ ಉಳೀತಲ್ಲ, ವಾರಕ್ಕೆ ಒಂದು ಮಧ್ಯಾಹ್ನ ವೆಂಡರ್‌ಗಳ ಹತ್ರ ಹೋಗಿ ಬರ್ತೀನಿ.

2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಹೋರಾಟ ಜೋರಾಗಿ, 23ಕ್ಕೆ ಮಂಡ್ಯ, 26ಕ್ಕೆ ಬೆಂಗ್ಳೂರು, 29ಕ್ಕೆ ಇಡೀ ಕರ್ನಾಟಕ ಬಂದ್ ಆಯ್ತು. ಬಂದ್ ಘೋಷಣೆ ಆಗ್ತಿದ್ದ ಹಾಗೇ ಆ ದಿನ ಮಾಲು ಬರಲ್ಲ ಅಂತ ಸಿಸ್ಟಮ್‌ಗೆ ಹಾಕಿದ್ವಿ, ಅದು ಆರ್ಡರ್ ಮುಂಚೆನೇ ಕಳಿಸ್ತು. ಸೀಲ್ ಒಂದೂ ಕಮ್ಮಿ ಆಗ್ಲಿಲ್ಲ. ಇನ್ನೂ ಹನ್ನೊಂದು ಐಟಂ ಒಬ್ಬೊಬ್ಬರೇ ವೆಂಡರ್ ಮೇಲೆ ನಿಂತಿವೆ, ಅದ್ರಲ್ಲಿ ಇಂಪೆಲ್ಲರ್ (ಪಂಪ್ ಒಳಗೆ ತಿರುಗೋ ಚಕ್ರ) ಕಾಸ್ಟಿಂಗ್‌ಗೆ, ಇನ್ನೊಬ್ಬ ವೆಂಡರ್ ಕೂಡ ಎರಕ ಹೊಯ್ಯೋ ಹಾಗೆ, ಎರಡನೇ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡಿಸೋಕೆ ಕೊಟ್ಟಿದೀನಿ.