ಮೇಣವಿಲ್ಲದೆ ಕೊಲೀಟರ್ ಸೆಕ್ಷನ್: ನನ್ನ ಅನುಭವ

ಘಮ್ಮೆನ್ನುವ ಹೂವಿನ ಗಾರ್ಡೀನಿಯಾ ಗಿಡದ ಕುಡಿಯಲ್ಲಿ ರಾಳ ಒಸರುವ ಪುಟ್ಟ ಗ್ರಂಥಿಗಳಿವೆ, ಅವೇ ಕೊಲೀಟರ್. ಅವುಗಳಲ್ಲಿ ರಾಳ ಎಲ್ಲಿರುತ್ತದೋ ಅಲ್ಲೇ ಕಾಣುವಂಥ ಸ್ಲೈಡ್ ಕೊನೆಗೂ ಸಿದ್ಧವಾಗಿದೆ. ತೆಳು ಸೀಳು (ಸೆಕ್ಷನ್) ಕೊಯ್ಯುವ ಮೈಕ್ರೋಟೋಮ್ ಯಂತ್ರ ಇಲ್ಲ, ಕುಡಿಯನ್ನು ಹುದುಗಿಸುವ ಮೇಣ ಇಲ್ಲ, ಬರೀ ಬ್ಲೇಡು. ಪುಣೆಯಲ್ಲಿ ನನ್ನ ಜೊತೆ ಪಾಠ ಮಾಡುವವರು, ಧಾರವಾಡದ ಹಳೆಯ ಗೆಳೆಯರು, ಎಲ್ಲರದ್ದೂ ಒಂದೇ ಮಾತು: "ಆ ಅಂಟು ಕುಡಿ ಕೈಯಲ್ಲಿ ಕೊಯ್ಯೋಕಾಗಲ್ಲ ಸರ್, ಬಿಡಿ." ಈಗ ಅವರೇ ಸ್ಲೈಡ್ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಒಂದು ಖಾಸಗಿ ಲ್ಯಾಬಿಗೆ ಕುಡಿಗಳನ್ನು ಕೊಟ್ಟು ಮೇಣದ ಬ್ಲಾಕ್ ಮಾಡಿಸಿದೆ. ಏಳು ಸಾವಿರದ ಹತ್ತಿರ ಬಿಲ್ ಆಯ್ತು. ಸೆಕ್ಷನ್ ಚೆನ್ನಾಗಿಯೇ ಬಂದಿತ್ತು. ನಡುವೆ ಉದ್ದನೆಯ ಜೀವಕೋಶಗಳು, ಅವುಗಳ ಸುತ್ತ ಒತ್ತೊತ್ತಾಗಿ ನಿಂತ ಸ್ರವಿಸುವ ಕೋಶಗಳ ಒಂದೇ ಪದರ, ಮೇಲೆ ತೆಳು ಹೊರಪೊರೆ, ಅಂದರೆ ಕ್ಯೂಟಿಕಲ್. ಎಲ್ಲ ಇತ್ತು, ರಾಳ ಮಾತ್ರ ಇಲ್ಲ. ಮೇಣಕ್ಕೆ ಹಾಕೋ ಮುಂಚೆ ಕುಡಿಯ ನೀರು ತೆಗೆಯಲು ಆಲ್ಕೋಹಾಲ್ ಸರಣಿ, ಆಮೇಲೆ ಆಲ್ಕೋಹಾಲ್ ತೆಗೆಯಲು ಜೈಲೀನ್: ಎರಡರಲ್ಲೂ ರಾಳ ಕರಗುತ್ತೆ, ಇನ್ನು ಉಳಿಯೋದು ಹೇಗೆ? ಎಳೆ ಕುಡಿ ಒಣಗದಂತೆ, ಹುಳ ತಿನ್ನದಂತೆ ಮುಚ್ಚಿಡುವುದೇ ಆ ರಾಳ. ಅದೇ ಇಲ್ಲದ ಸ್ಲೈಡ್ ತೋರಿಸಿ ಮಕ್ಕಳಿಗೆ ಏನು ಹೇಳೋದು? ಇನ್ನೊಮ್ಮೆ ಮಾಡಿಸಿದೆ. ಅದೇ ಫಲ, ಮತ್ತೆ ಅಷ್ಟೇ ಬಿಲ್.

ಆಮೇಲೆ ಹಸಿ ಕುಡಿಯನ್ನೇ ಕೊಯ್ಯಲು ಕೂತೆ. ಹಿಡಿತಕ್ಕೆ ಅಂತ ಕ್ಯಾರೆಟ್ ನಡುವೆ ಇಟ್ಟರೆ ಒದ್ದೆಯಾಗಿ ಜಾರಿತು. ಆಲೂಗಡ್ಡೆಯ ಪಿಷ್ಟದ ಕಣ ಸೆಕ್ಷನ್ ತುಂಬಾ ಹರಡಿತು. ಗಟ್ಟಿ ಥರ್ಮೋಕೋಲ್ ಸರಿಹೋಯ್ತು. ಆದರೂ ರಾಳ ಬ್ಲೇಡಿಗೆ ಮೆತ್ತಿ, ಕೊಲೀಟರ್ ಬುಡಸಮೇತ ಕಿತ್ತು ಬರುತ್ತಿತ್ತು. ಮೇ ತಿಂಗಳ ಪುಣೆ ಸೆಕೆಯಲ್ಲಿ ಇನ್ನೂ ಕಷ್ಟ.

ದಾರಿ ಸಿಕ್ಕಿದ್ದು ಫ್ರಿಜ್‌ನಲ್ಲಿ. ಕುಡಿಯನ್ನು ಒಂದರ್ಧ ಗಂಟೆ ತಣ್ಣಗಿಟ್ಟರೆ ರಾಳ ಗಟ್ಟಿಯಾಗುತ್ತೆ, ಬ್ಲೇಡು ಸಲೀಸಾಗಿ ಹೋಗುತ್ತೆ. ಫ್ರೀಜರ್ ಬೇಡ, ಐಸ್ ಕಟ್ಟಿ ಕೋಶ ಒಡೆಯುತ್ತೆ. ಬ್ಲೇಡು, ಥರ್ಮೋಕೋಲ್ ಕೂಡ ತಣ್ಣಗಿರಲಿ. ಬ್ಲೇಡಿಗೆ ಏನು ಸವರುತ್ತೇನೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ. ನೀರಂತೂ ಅಲ್ಲ.

ಯಾವ ಗೆಣ್ಣು ಅನ್ನೋದೂ ಮುಖ್ಯ. ಎಲೆ ಬುಡದ ಪುಟ್ಟ ಪರೆಯಂಥ ಸ್ಟಿಪ್ಯೂಲ್‌ನ ಒಳಮೈ ಬುಡದಲ್ಲಿ ಕೊಲೀಟರ್ ಬೆಳ್ಳಗೆ ಅಥವಾ ತಿಳಿ ಹಳದಿಯಾಗಿದ್ದರೆ ತಗೊಳ್ಳಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿದಿದೆ. ನನಗೆ ತುದಿಯಿಂದ ಎರಡನೇ ಗೆಣ್ಣೇ ಜಾಸ್ತಿ ಕೈಹಿಡಿದಿದ್ದು.

ಬಣ್ಣಕ್ಕೆ ಸೂಡಾನ್ 3, ಕೊಬ್ಬು, ರಾಳಕ್ಕೆ ಹಿಡಿಯುವ ಬಣ್ಣ. ಅದೂ ಆಲ್ಕೋಹಾಲ್‌ನಲ್ಲೇ ಇರುತ್ತೆ, ಹಾಗಾಗಿ ಐದು ನಿಮಿಷದೊಳಗೆ ತೆಗೆದು ಗ್ಲಿಸರಿನ್‌ಗೆ ಹಾಕಿ. ಕ್ಯೂಟಿಕಲ್ ಕೆಳಗೆ ಕಿತ್ತಳೆ ಹನಿಗಳು ಸಾಲಾಗಿ ಕಂಡಾಗ ಆದ ಖುಷಿ ದೊಡ್ಡದು. ಇನ್ನೊಂದು ದಾರಿ ತಾಮ್ರದ ಅಸಿಟೇಟ್. ಕುಡಿಯನ್ನು ಉದ್ದಕ್ಕೆ ಸೀಳಿ, 5% ದ್ರಾವಣದಲ್ಲಿ ಎರಡು ವಾರ ಬಿಟ್ಟು ಕೊಯ್ದರೆ ರಾಳ ಪಚ್ಚೆ ಹಸಿರಾಗಿ ಕಾಣುತ್ತೆ. ಹಳೇ ವಿಧಾನ. ಸುಮಾರು ಆರುನೂರು ರೂಪಾಯಿಗೆ ಬಂದ ಡಬ್ಬಿಯಲ್ಲಿ ಮುಕ್ಕಾಲು ಪಾಲು ಇನ್ನೂ ಇದೆ. ಕೊಲೀಟರ್ ರಾಳದ ಜೊತೆ ಒಸರುವ ಲೋಳೆಗೆ ರುಥೇನಿಯಂ ರೆಡ್ ಅನ್ನೋ ಬಣ್ಣ ಒಳ್ಳೇದು, ಆದರೆ ಒಂದು ಗ್ರಾಂಗೇ ಸಾವಿರಗಟ್ಟಲೆ ಕೇಳ್ತಾರೆ. ನಾನು ಟೊಲ್ಯುಡೀನ್ ಬ್ಲೂನಲ್ಲೇ ಸುಧಾರಿಸಿಕೊಂಡೆ. ಲೋಳೆ ನೇರಳೆ-ಗುಲಾಬಿ ಆಗುತ್ತೆ, ಪಾಠಕ್ಕೆ ಅಷ್ಟು ಸಾಕು.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿದೆ. ಮಹಡಿ ಮೇಲಿನ ಕುಂಡದಲ್ಲಿ ನಾಲ್ಕೈದು ಕುಡಿಗಳ ರಾಳವನ್ನು ಒಣ ಹತ್ತಿಯಿಂದ ದಿನಾ ಒರೆಸಿದೆ. ಸ್ಪಿರಿಟ್ ಬಳಸಲಿಲ್ಲ, ಅದರಿಂದ ಕುಡಿಯೇ ಸುಡುತ್ತೆ. ಮರುದಿನಕ್ಕೆ ಮತ್ತೆ ಒಂದಿಷ್ಟು ರಾಳ ಬಂದಿರುತ್ತಿತ್ತು. ಒರೆಸಿದ ಕುಡಿಗಳ ಎಲೆ ಅಂಚು ಒಣಗಿ ಬಿಚ್ಚಿಕೊಂಡವು, ಗಿಡಹೇನೂ ಅಲ್ಲೇ ಜಾಸ್ತಿ ಕೂತಿತು. ಇಷ್ಟು ಕಡಿಮೆ ಕುಡಿಗಳಿಂದ ಲೆಕ್ಕ ಹೇಳಲಾಗದು, ಆದರೆ ಮಕ್ಕಳಿಗೆ ಆ ಎಲೆ ತೋರಿಸಿದ ದಿನ ಪಾಠ ಬೇಗ ತಲೆಗೆ ಹೋಯ್ತು. ಇಲ್ಲಿನ ಗಿಡಮೂಲಿಕೆ ಅಂಗಡಿಯಲ್ಲಿ ಸಿಗುವ ಡಿಕೆಮಾಲಿಯ ತುಂಡೂ ಕೊಟ್ಟು ಮೂಸಿಸಿದೆ. ಕಾಡು ಗಾರ್ಡೀನಿಯಾದ ಕುಡಿಯಲ್ಲಿ ಒಸರಿ ಗಟ್ಟಿಯಾದ ರಾಳವೇ ಅದು.

ಕೊಡಗಿನಿಂದ ತಂದ ಕಾಫಿ ಸಸಿಯಲ್ಲೂ ಇದೇ ವಿಧಾನ ನಡೆಯಿತು, ಅದೂ ಗಾರ್ಡೀನಿಯಾ ಕುಟುಂಬದ್ದೇ ಅಲ್ವಾ. ನಂದಿಬಟ್ಟಲಲ್ಲಿ ಹಾಲು ಸುರಿದು ಎಲ್ಲ ಮಸುಕಾಗುತ್ತೆ. ಕೊಯ್ದ ತುದಿಯನ್ನು ಹತ್ತಿಗೆ ಒತ್ತಿ ಹಾಲು ಇಳಿಸಿಕೊಂಡರೆ ಪರವಾಗಿಲ್ಲ.

ಒಂದು ಎಚ್ಚರಿಕೆ: ಸೂಡಾನ್ ಸ್ಲೈಡ್ ಬಾಳಿಕೆ ಬರಲ್ಲ. ನನ್ನವು ಮೂರು ನಾಲ್ಕು ತಿಂಗಳಿಗೆ ಮಂಕಾದವು. ಮಾಡಿದ ದಿನವೇ ಫೋಟೋ ತೆಗೆದುಕೊಳ್ಳಿ. ತಾಮ್ರದವು ಹೋದ ವರ್ಷದ್ದೂ ಇನ್ನೂ ಹಸಿರಾಗಿವೆ, ಕಾಲೇಜಿನ ಪೆಟ್ಟಿಗೆಗೆ ಅವನ್ನೇ ಕೊಡುತ್ತಿದ್ದೇನೆ.