ಸೈಸ್ಮಿಕ್‌ನಲ್ಲಿ ಕಂಡ ಸುಳ್ಳು ಗುಡ್ಡ: ನನ್ನ ಅನುಭವ

ಕೃಷ್ಣಾ-ಗೋದಾವರಿ ಕಡಲಾಳದ ಸೈಸ್ಮಿಕ್ ಡೇಟಾದಲ್ಲಿ (ಶಬ್ದದ ಅಲೆ ಕಳಿಸಿ, ನೆಲದಡಿಯ ಪದರಗಳಿಂದ ಮರಳಿ ಬಂದದ್ದರಿಂದ ಮಾಡಿದ ಚಿತ್ರ) ಸಮುದ್ರತಳದ ಅಡಿಯಲ್ಲಿ ಚೆಂದದ ಗುಡ್ಡವೊಂದು ಕಾಣುತ್ತಿತ್ತು. ಎಣ್ಣೆ ನಿಲ್ಲೋದಕ್ಕೆ ಹೇಳಿ ಮಾಡಿಸಿದ ಜಾಗ ಅಂತ ತಂಡದಲ್ಲಿ ಖುಷಿ. ನನಗೆ ಯಾಕೋ ಅನುಮಾನ. ಮೇಲಿಂದ ಕೆಳಗಿನವರೆಗೆ ಪದರಗಳೆಲ್ಲ ಒಂದೇ ಜಾಗದಲ್ಲಿ, ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಎದ್ದಿದ್ದವು. ಬಂಡೆಪದರಗಳು ಬಾಗಿ ಆದ ನಿಜವಾದ ಮಡಿಕೆ ಇಷ್ಟು ಶಿಸ್ತಾಗಿರೋದು ಅಪರೂಪ, ಅಲ್ವಾ?

ಸಮುದ್ರತಳ ನೋಡಿದೆ. ಗುಡ್ಡದ ಎರಡೂ ಪಕ್ಕದ ತಗ್ಗುಗಳ ನೇರ ಮೇಲೆ ಒಂದೊಂದು ಕಣಿವೆ! ಸೆಕ್ಷನ್‌ನಲ್ಲಿ, ಅಂದರೆ ಸೈಸ್ಮಿಕ್‌ನ ಸೀಳುನೋಟದಲ್ಲಿ, ಕೆಳಮುಖವಾಗಿ ಇರೋದು ಮೀಟರ್ ಅಲ್ಲ, ಅಲೆ ಹೋಗಿಬರುವ ಸಮಯ. ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ತಳದ ಕೆಸರುಮಣ್ಣಿನಲ್ಲಿ 2000 ಅಂತಿಟ್ಟುಕೊಳ್ಳಿ. 300 ಮೀಟರ್ ಆಳದ ಕಣಿವೆಯಲ್ಲಿ ಮಣ್ಣಿನ ಜಾಗದಲ್ಲಿ ನೀರಿದ್ದರೆ ಹೋಗಿಬರಲು 300 ಅಲ್ಲ, 400 ಮಿಲಿಸೆಕೆಂಡ್ ಬೇಕು. ಆ ಜಾಸ್ತಿ 100 ಮಿಲಿಸೆಕೆಂಡ್ ಕಣಿವೆಯ ಕೆಳಗಿನ ಪದರಗಳನ್ನೆಲ್ಲ ಸುಮ್ನೆ ತಗ್ಗಿಸಿ ತೋರಿಸುತ್ತದೆ, ನಡುವೆ ಉಳಿದದ್ದು ಗುಡ್ಡದ ಹಾಗೆ ಕಾಣುತ್ತದೆ.

ಸಮುದ್ರತಳವನ್ನು ಒಂದು ಲೈನೂ ಬಿಡದೆ ಪಿಕ್ ಮಾಡಿದೆ, ಅಂದರೆ ಡೇಟಾದಲ್ಲಿ ಗುರುತು ಹಾಕಿದೆ. ನೀರಿಗೆ ಒಂದು ವೇಗ, ಅದರ ಕೆಳಗೆ ಆಳ ಹೆಚ್ಚಿದಂತೆ ಹೆಚ್ಚುವ ವೇಗ ಕೊಟ್ಟು, ಹತ್ತಿರದ ಬಾವಿಯ ಚೆಕ್‌ಶಾಟ್‌ಗೆ (ಬಾವಿಯ ಬೇರೆ ಬೇರೆ ಆಳಕ್ಕೆ ಅಲೆ ತಲುಪುವ ಸಮಯದ ಅಳತೆ) ಹೊಂದಿಸಿ ನಕ್ಷೆಯನ್ನು ಆಳಕ್ಕೆ ಬದಲಿಸಿದೆ. ಇಲ್ಲೊಂದು ಸೂಕ್ಷ್ಮ ಇದೆ. ಕಣಿವೆ ಆಮೇಲೆ ಕೊರೆದು ಆದದ್ದು, ಅದರ ಕೆಳಗಿನ ಮಣ್ಣು ಮೊದಲೇ ಒತ್ತಿ ಗಟ್ಟಿಯಾಗಿತ್ತು. ಹಾಗಾಗಿ ಆಳವನ್ನು ಈಗಿನ ತಳದಿಂದ ಎಣಿಸಿದರೆ ಅಲ್ಲಿ ವೇಗ ಕಡಿಮೆ ಬಂದುಬಿಡುತ್ತದೆ, ಕಣಿವೆ ತುಂಬಿ ಸಮ ಮಾಡಿದಂಥ ತಳದಿಂದ ಎಣಿಸಬೇಕು.

ಗುಡ್ಡ ಬಹುಪಾಲು ಮಾಯ. ಫಾಲ್ಟ್‌ಗೆ (ಬಂಡೆಪದರ ಬಿರಿದು ಜರುಗಿದ ಜಾಗ) ಒರಗಿದ ಸಣ್ಣ ಉಬ್ಬೊಂದು ಮಾತ್ರ ಉಳಿಯಿತು, ಈಗ ಕೆಲಸ ಅದರ ಮೇಲೆ.