ಶಾಲೆಗೆ ಸೇರಿಸಿಯಾಯಿತು, ಮುಂದೆ? ದುಬೈಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಫೀಸು, ಯೂನಿಫಾರ್ಮು, ಸ್ಕೂಲ್ ಬಸ್ಸು ಇವೆಲ್ಲ ಹೇಗೋ ಆಗಿಬಿಡುತ್ತವೆ. ಊರಿಂದ ಬಂದವರೆಲ್ಲ ಮೊದಲು ಕೇಳುವುದೂ ಅದನ್ನೇ. ಯಾರೂ ಕೇಳದೆ, ಆಮೇಲೆ ಒದ್ದಾಡುವ ವಿಷಯ ಬೇರೆ ಇದೆ. ಮಗುವಿಗೆ ಪಾಠ ಹತ್ತದಿದ್ದರೆ, ಮಗು ಮಂಕಾದರೆ, ಓದಿನಾಚೆ ಏನಾದರೂ ಕಲಿಯಬೇಕೆಂದರೆ ಇಲ್ಲಿನ ಶಾಲೆಯಲ್ಲಿ ಯಾರ ಹತ್ತಿರ ಹೋಗಬೇಕು? ಅದಕ್ಕಾಗಿ ನಮ್ಮ ಕನ್ನಡ ಸಂಘದಿಂದ ಇದನ್ನು ಬರೆದಿದ್ದೇವೆ. ಲೆಕ್ಕವೆಲ್ಲ ದುಬೈಯದು. ಶಾರ್ಜಾ, ಅಬುಧಾಬಿಯಲ್ಲಿ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆ ಬೇರೆ, ಉಳಿದದ್ದು ಹೆಚ್ಚುಕಡಿಮೆ ಹೀಗೇ.

ಮೊದಲು ತಿಳಿದಿರಬೇಕಾದದ್ದು

- ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರು. ಬ್ರಿಟಿಷ್, ಅಮೆರಿಕನ್, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್) ಶಾಲೆಗಳು ಆಗಸ್ಟ್ ಕೊನೆಗೆ.
- ಬ್ರಿಟಿಷ್ ಶಾಲೆಯ ‘ಇಯರ್ 2’ ಅಂದರೆ ನಮ್ಮ ಒಂದನೇ ತರಗತಿ. ಮಗುವಿಗೆ ಡಬಲ್ ಪ್ರಮೋಷನ್ ಸಿಕ್ಕಿತು ಎಂದು ಸಿಹಿ ಹಂಚಬೇಡಿ.
- ಟಿಸಿ, ಹಳೆಯ ರಿಪೋರ್ಟ್ ಕಾರ್ಡು, ಲಸಿಕೆಯ ಕಾರ್ಡು ಕೈಚೀಲದಲ್ಲಿರಲಿ. ಕಾರ್ಗೋದಲ್ಲಿ ಹಾಕಬೇಡಿ.
- ಒಂಬತ್ತನೇ ತರಗತಿಯವರೆಗೆ ಅರೇಬಿಕ್ ಕಡ್ಡಾಯ. ಮಕ್ಕಳು ಕಲಿಯುತ್ತಾರೆ, ನೀವು ಗಾಬರಿಯಾಗಬೇಡಿ.
- ದುಬೈಯ ಖಾಸಗಿ ಶಾಲೆಗಳ ಮೇಲೆ ನಿಗಾ ಇಡುವುದು ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆ. ಅದರ ತಪಾಸಣಾ ವರದಿಗಳನ್ನು ಯಾರು ಬೇಕಾದರೂ ಓದಬಹುದು. ನಮ್ಮವರು ‘ಔಟ್‌ಸ್ಟ್ಯಾಂಡಿಂಗ್’, ‘ವೆರಿ ಗುಡ್’ ಎಂಬ ದರ್ಜೆ ನೋಡಿ ಮುಚ್ಚಿಬಿಡುತ್ತಾರೆ. ಒಳಗೆ ಮಕ್ಕಳ ರಕ್ಷಣೆ, ಕಾಳಜಿ, ಬೆಂಬಲದ ಬಗ್ಗೆಯೇ ಬೇರೆ ಭಾಗವಿದೆ. ಶಾಲೆ ಆರಿಸುವವರು ಅದನ್ನು ಓದಿ.

ಅರ್ಜಿಯಲ್ಲಿ ಬಚ್ಚಿಡಬೇಡಿ

ಇದನ್ನು ಉದ್ದವಾಗಿಯೇ ಬರೆಯುತ್ತೇವೆ. ಎಷ್ಟು ಹೇಳಿದರೂ ನಮ್ಮವರು ಕೇಳುವುದಿಲ್ಲ.

ಅಡ್ಮಿಷನ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಮಗುವಿಗೆ ಹಿಂದೆ ಕಲಿಕೆಯಲ್ಲಿ ವಿಶೇಷ ನೆರವು ಬೇಕಾಗಿತ್ತೇ, ತಜ್ಞರ ವರದಿ ಏನಾದರೂ ಇದೆಯೇ? ನಿಮ್ಹಾನ್ಸ್‌ನಲ್ಲೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ತೋರಿಸಿ, ದಪ್ಪನೆಯ ವರದಿ ತಂದವರೂ ಅಲ್ಲಿ ‘ಇಲ್ಲ’ ಎಂದು ಟಿಕ್ ಮಾಡುತ್ತಾರೆ. ಸೀಟು ತಪ್ಪೀತು ಎಂಬ ಭಯ. ‘ಸುಮ್ನೆ ಯಾಕೆ ಹೇಳ್ಬೇಕು, ದೊಡ್ಡವನಾದ ಮೇಲೆ ಸರಿಹೋಗ್ತಾನೆ’ ಎಂದು ಊರಿಂದ ಅಜ್ಜಿಯ ಫೋನು ಬೇರೆ.

ಕೇಳಿ. ಅಂಗವೈಕಲ್ಯ ಅಥವಾ ಕಲಿಕೆಯ ತೊಡಕಿರುವ ಮಕ್ಕಳನ್ನು ಇಲ್ಲಿ ‘ಸ್ಟೂಡೆಂಟ್ಸ್ ಆಫ್ ಡಿಟರ್ಮಿನೇಷನ್’ ಎನ್ನುತ್ತಾರೆ. ಆ ಒಂದೇ ಕಾರಣಕ್ಕೆ ಸೀಟು ನಿರಾಕರಿಸುವಂತಿಲ್ಲ ಎಂಬುದು 2017ರಿಂದ ದುಬೈಯ ನಿಯಮ. ಶಾಲೆಯಲ್ಲಿ ಇನ್‌ಕ್ಲೂಷನ್ ವಿಭಾಗವಿರುತ್ತದೆ, ಅದಕ್ಕೊಬ್ಬರು ಮುಖ್ಯಸ್ಥರು ಇರುತ್ತಾರೆ. ಅವರು ಮಗುವಿಗೆಂದೇ ಐಇಪಿ ಎಂಬ ಯೋಜನೆ ಮಾಡುತ್ತಾರೆ: ಈ ಟರ್ಮಿನಲ್ಲಿ ಏನು ಕಲಿಸಬೇಕು, ಯಾರು ಕಲಿಸಬೇಕು, ತರಗತಿಯಲ್ಲಿ ಎಲ್ಲಿ ಕೂರಿಸಬೇಕು. ಅದಕ್ಕೆ ನಿಮ್ಮ ಸಹಿ ಬೇಕು. ಓದಿ ಸಹಿ ಹಾಕಿ.

ನಮ್ಮ ಸಂಘದಲ್ಲೇ ಒಂದು ಮನೆ. ಹುಡುಗ ನಾಲ್ಕನೇ ತರಗತಿ, ಬಾಯಲ್ಲಿ ಎಲ್ಲ ಉತ್ತರ ಬರುತ್ತದೆ, ಬರೆಯಲು ಕೂತರೆ ಮೂರು ಸಾಲು. ಟೀಚರಿಂದ ಮೇಲ್ ಮೇಲೆ ಮೇಲ್. ಮನೆಯಲ್ಲಿ ಅದನ್ನು ದೂರು ಎಂದುಕೊಂಡು ಟ್ಯೂಷನ್ ಹಾಕಿದರು, ಆಟ ಬಿಡಿಸಿದರು, ಐಪ್ಯಾಡ್ ಬೀರುವಿಗೆ ಹೋಯಿತು. ವರದಿ ಮಾತ್ರ ಅಷ್ಟು ದಿನವೂ ಸೂಟ್‌ಕೇಸಿನಲ್ಲಿ, ರೇಷ್ಮೆ ಸೀರೆಯ ಕೆಳಗೆ. ಕೊನೆಗೆ ತಾಯಿ ಅದನ್ನು ತೆಗೆದುಕೊಂಡು ಹೋಗಿ ಕೊಟ್ಟಾಗ ಶಾಲೆಯವರು ಕೇಳಿದ್ದು ಒಂದೇ, ‘ಮೊದಲೇ ಯಾಕೆ ಕೊಡಲಿಲ್ಲ?’ ಈಗ ಅವನು ಉದ್ದದ ಉತ್ತರಗಳನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾನೆ, ಸಂಜೆ ಕ್ರಿಕೆಟ್‌ಗೂ ಬರುತ್ತಾನೆ.

ಹಣದ ಮಾತನ್ನೂ ಹೇಳಿಬಿಡುತ್ತೇವೆ. ತರಗತಿಯೊಳಗಿನ ಮಾಮೂಲು ನೆರವಿಗೆ ಬೇರೆ ಹಣ ಕೊಡಬೇಕಿಲ್ಲ. ಒಬ್ಬ ಮಗುವಿನ ಜೊತೆಗೇ ಇಡೀ ದಿನ ಇರುವ ಎಲ್‌ಎಸ್‌ಎ, ಅಂದರೆ ಸಹಾಯಕಿ, ಬೇಕೆಂದಾದರೆ ಖರ್ಚು ಸಾಮಾನ್ಯವಾಗಿ ತಂದೆತಾಯಿಯದು, ಮತ್ತು ಅದು ಸಣ್ಣ ಮೊತ್ತವಲ್ಲ. ಏಕೆ ಬೇಕು, ಎಷ್ಟು ಗಂಟೆ ಬೇಕು, ಯಾವಾಗ ಮತ್ತೆ ಪರಿಶೀಲನೆ ಎಂಬುದನ್ನೆಲ್ಲ ಬರವಣಿಗೆಯಲ್ಲಿ ಕೇಳಿ. ಹೀಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೋರ್ಡ್ ಪರೀಕ್ಷೆಗೂ ತಜ್ಞರ ಇದೇ ವರದಿ ಬೇಕು. ಅರ್ಹ ಮಕ್ಕಳಿಗೆ ಸಿಬಿಎಸ್‌ಇ ಗಂಟೆಗೆ 20 ನಿಮಿಷದಂತೆ ಹೆಚ್ಚು ಸಮಯ ಕೊಡುತ್ತದೆ. ಕೇಂಬ್ರಿಡ್ಜ್, ಐಬಿಯಲ್ಲಿ ಸಾಮಾನ್ಯವಾಗಿ ಶೇ. 25. ಅರ್ಜಿ ಹೋಗುವುದು ಶಾಲೆಯ ಮೂಲಕ, ಪರೀಕ್ಷೆಗೆ ಬಹಳ ಮೊದಲೇ. ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಸಂಘದವರಿಗೆ ಫೋನ್ ಮಾಡಿದರೆ ನಾವು ಏನೂ ಮಾಡಲಾಗುವುದಿಲ್ಲ.

ಕೌನ್ಸೆಲರ್ ಕರೆದರೆ

ಕರೆದರೆ ಹೋಗಿ. ಇಬ್ಬರೂ ಹೋಗಿ. ಅಮ್ಮನೊಬ್ಬಳನ್ನೇ ಕಳಿಸಿ, ಅಪ್ಪ ಮೀಟಿಂಗ್ ಇದೆ ಎನ್ನುವುದು ಬೇಡ.

ಕೌನ್ಸೆಲರ್ ಹತ್ತಿರ ಹೋಗುವುದೆಂದರೆ ಹುಚ್ಚು ಹಿಡಿದವರು ಮಾತ್ರ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಇಲ್ಲಿ ಮಕ್ಕಳು ಅವರ ಬಳಿ ಹೋಗುವುದು ಗೆಳತಿ ಮಾತು ಬಿಟ್ಟಳು, ಬಸ್ಸಿನಲ್ಲಿ ರೇಗಿಸುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ ಎಂಬಂಥ ವಿಷಯಕ್ಕೆ. ಈ ಊರಿಗೇ ವಿಶೇಷವಾದ ಇನ್ನೊಂದು ದುಃಖವಿದೆ. ಅಪ್ಪನ ಕೆಲಸ ಹೋಯಿತು, ವರ್ಗವಾಯಿತು ಎಂದು ಜೂನ್ ಬಂದರೆ ಪ್ರಾಣಸ್ನೇಹಿತರೇ ದೇಶ ಬಿಟ್ಟು ಹೊರಡುತ್ತಾರೆ. ನಮಗದು ಫ್ಲ್ಯಾಟ್ ಖಾಲಿಯಾದ ಸುದ್ದಿ ಅಷ್ಟೇ. ಮಗುವಿಗೆ ಹಾಗಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆನೋವು, ಡಬ್ಬಿ ಮುಟ್ಟದೆ ವಾಪಸ್ ಬರುವುದು, ಊರಿಗೆ ಹೋಗೋಣ ಎಂಬ ಒಂದೇ ಹಟ, ಇಂಥದ್ದು ವಾರಗಟ್ಟಲೆ ನಡೆದರೆ ಶಾಲೆ ಕರೆಯಲೆಂದು ಕಾಯದೆ ನೀವೇ ಕ್ಲಾಸ್ ಟೀಚರಿಗೆ ಬರೆಯಿರಿ.

ಕೌನ್ಸೆಲರ್ ಜೊತೆ ಮಗು ಆಡಿದ ಎಲ್ಲ ಮಾತನ್ನೂ ನಿಮಗೆ ಹೇಳುವುದಿಲ್ಲ. ಮಗುವಿಗೆ ಅಪಾಯವಿದ್ದರೆ ಮಾತ್ರ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಮನೆಗೆ ಬಂದ ಮೇಲೆ ‘ಏನ್ ಹೇಳ್ದೆ, ನಮ್ಮ ಬಗ್ಗೆ ಏನ್ ಹೇಳ್ದೆ’ ಎಂದು ಪಾಟೀಸವಾಲು ಮಾಡಬೇಡಿ.

ಊರಲ್ಲಿ ಒಂದೇಟು ಹಾಕುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಇಲ್ಲಿ ಇಡುತ್ತಾರೆ. ಮಕ್ಕಳ ರಕ್ಷಣೆಗೆ 2016ರ ‘ವದೀಮಾ’ ಕಾನೂನಿದೆ. ಮೈಮೇಲೆ ಬಾಸುಂಡೆ ಕಂಡರೆ ಟೀಚರ್ ಸುಮ್ಮನಿರುವಂತಿಲ್ಲ, ವಿಷಯವನ್ನು ಮೇಲಕ್ಕೆ ತಿಳಿಸಲೇಬೇಕು. ಕೈ ಎತ್ತುವ ಅಭ್ಯಾಸವಿದ್ದರೆ ವಿಮಾನ ಹತ್ತುವ ಮೊದಲೇ ಬಿಟ್ಟುಬನ್ನಿ.

ಇನ್ನು, ‘ಅವರ ಮಗಳು ಕೌನ್ಸೆಲರ್ ಹತ್ರ ಹೋಗ್ತಾಳಂತೆ’ ಎಂಬ ಮಾತು ನಮ್ಮ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಕೇಳಿಬಂದಿದ್ದುಂಟು. ಆಡಿದವರಿಗೆ ಗೊತ್ತು. ಇನ್ನೊಮ್ಮೆ ಬೇಡ.

ಡಬ್ಬಿ, ಔಷಧಿ

ಬಹಳಷ್ಟು ಶಾಲೆಗಳಲ್ಲಿ ಶೇಂಗಾ, ಗೋಡಂಬಿ, ಬಾದಾಮಿ ಎಲ್ಲವೂ ನಿಷಿದ್ಧ. ಚಿತ್ರಾನ್ನಕ್ಕೆ ಕಡಲೆಕಾಯಿ ಹಾಕಬೇಡಿ, ಶೇಂಗಾ ಚಟ್ನಿಪುಡಿ ಮನೆಯಲ್ಲೇ ಇರಲಿ, ಉಪ್ಪಿಟ್ಟಿನ ಗೋಡಂಬಿಯೂ ಬೇಡ. ಪಕ್ಕದ ಮಗುವಿಗೆ ಅದು ಜೀವದ ಪ್ರಶ್ನೆ. ಮಾತ್ರೆ, ಸಿರಪ್ಪು ಬ್ಯಾಗಿನಲ್ಲಿ ಇಡುವಂತಿಲ್ಲ, ಶಾಲೆಯ ನರ್ಸ್ ಕೈಗೇ ಕೊಡಬೇಕು. ಅಲರ್ಜಿ, ವೀಸಿಂಗ್, ಫಿಟ್ಸ್ ಇದ್ದರೆ ಮೊದಲ ದಿನವೇ ತಿಳಿಸಿ. ನೀರಿನ ಬಾಟಲಿ ದೊಡ್ಡದಿರಲಿ.

ಓದಿನಾಚೆ

ಈಸಿಎ, ಅಂದರೆ ಪಠ್ಯೇತರ ಚಟುವಟಿಕೆಗಳ, ಪಟ್ಟಿ ಬಂದ ದಿನ ನಮ್ಮವರಿಗೆ ಮದುವೆ ಮನೆಯ ಬಾಳೆಲೆ ಮುಂದೆ ಕೂತಂತೆ ಆಗುತ್ತದೆ, ಎಲ್ಲವೂ ಬೇಕು. ಈಜು, ರೊಬೊಟಿಕ್ಸ್, ಚೆಸ್, ಮಾಡೆಲ್ ಯುಎನ್, ಜೊತೆಗೆ ಹೊರಗೆ ಅಬ್ಯಾಕಸ್. ಮೊದಲ ಟರ್ಮಿನಲ್ಲಿ ಒಂದು ಸಾಕು, ಅದನ್ನೂ ಮಗುವೇ ಆರಿಸಲಿ. ಅದು ಸ್ನೇಹಿತರನ್ನು ಹುಡುಕಿಕೊಳ್ಳಲಿಕ್ಕೆ, ಸರ್ಟಿಫಿಕೇಟಿಗಲ್ಲ.

ದೊಡ್ಡ ಮಕ್ಕಳಿರುವವರು ಡ್ಯೂಕ್ ಆಫ್ ಎಡಿನ್‌ಬರ್ಗ್ಸ್ ಇಂಟರ್‌ನ್ಯಾಷನಲ್ ಅವಾರ್ಡ್ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ಕಂಚಿನ ಹಂತ ಸುಮಾರು 14ನೇ ವಯಸ್ಸಿಗೆ ಶುರು, ಕನಿಷ್ಠ ಆರು ತಿಂಗಳು. ಸೇವೆ, ಕೌಶಲ, ದೈಹಿಕ ಚಟುವಟಿಕೆ, ಸಾಹಸ ಪ್ರಯಾಣ ಎಂದು ನಾಲ್ಕು ಭಾಗ. ಕೌಶಲಕ್ಕೆ ಹೊಸದೇನೂ ಹುಡುಕಬೇಕಿಲ್ಲ. ಮಗಳು ಕಲಿಯುತ್ತಿರುವ ಭರತನಾಟ್ಯ, ಮಗನ ಚೆಂಡೆ, ಯಕ್ಷಗಾನದ ಹೆಜ್ಜೆ ಎಲ್ಲವೂ ನಡೆಯುತ್ತದೆ, ವಾರಕ್ಕೆ ಒಂದು ಗಂಟೆಯ ದಾಖಲೆ ಇಟ್ಟು ಗುರುಗಳ ಒಪ್ಪಿಗೆ ಪಡೆದರೆ ಆಯಿತು. ಐಬಿ ಡಿಪ್ಲೊಮಾದವರ ಸಿಎಎಸ್‌ಗೂ (ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಕಡ್ಡಾಯ ಭಾಗ) ಇಂಥದ್ದು ಬಳಕೆಗೆ ಬರುತ್ತದೆ. ಉಡುಪಿ, ಮಂಗಳೂರು ಕಡೆಯ ಮಕ್ಕಳು ಇದನ್ನು ಶಾಲೆಯಲ್ಲಿ ಹೇಳಿಕೊಳ್ಳಲು ಯಾಕೆ ನಾಚುತ್ತಾರೋ! ವೇದಿಕೆಯ ಮೇಲೆ ಕಿರೀಟ ಕಟ್ಟಿ ನಿಂತರೆ ಇಡೀ ಶಾಲೆ ಕಣ್ಣು ಬಿಟ್ಟು ನೋಡುತ್ತದೆ.

ಕನ್ನಡ

ಫಾರ್ಮಿನಲ್ಲಿ ‘ಮನೆಯ ಭಾಷೆ’ ಎಂಬಲ್ಲಿ ಇಂಗ್ಲಿಷ್ ಎಂದು ಬರೆಯಬೇಡಿ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಇದ್ದದ್ದನ್ನು ಬರೆಯಿರಿ. ಇಂಗ್ಲಿಷ್ ಇನ್ನೂ ಕುದುರದ ಮಕ್ಕಳಿಗೆ ಇಎಎಲ್ ಎಂಬ ಬೇರೆ ಪಾಠವಿರುತ್ತದೆ, ಮನೆಯ ಭಾಷೆಯೇ ಇಂಗ್ಲಿಷ್ ಎಂದರೆ ಆ ಪಾಠ ಯಾರಿಗೆ ಕೊಡುತ್ತಾರೆ? ಇಂಗ್ಲಿಷ್ ಸುಧಾರಿಸಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸುವುದೂ ಬೇಡ. ನಾಳೆ ಬೆಂಗಳೂರಿಗೆ ಮರಳಿದರೆ, 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ಅಲ್ಲಿನ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಓದಬೇಕಾಗುತ್ತದೆ. ಆಗ ಅ ಆ ಇ ಈಯಿಂದ ಶುರು ಮಾಡುವ ಪಾಡು ಮಗುವಿಗೆ ಏಕೆ?

ನಮ್ಮ ವಾರಾಂತ್ಯದ ಕನ್ನಡ ತರಗತಿಗೆ ಸೇರಿಸುವವರು ಮಗುವಿನ ವಯಸ್ಸು, ಅಕ್ಷರ ಎಷ್ಟು ಬರುತ್ತದೆ, ಯಾವ ಏರಿಯಾದಿಂದ ಬರುತ್ತೀರಿ ಎಂಬುದನ್ನು ಬರೆದುಕೊಡಿ. ಪಾಠ ಮಾಡುವವರೆಲ್ಲ ಸ್ವಯಂಸೇವಕರು, ಅವರಿಗೂ ಮನೆ ಮಕ್ಕಳಿದ್ದಾರೆ. ತರಗತಿ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು ಮಕ್ಕಳನ್ನು ಕರೆದುಕೊಂಡು ಹೋಗಿ.